ಪೋಷಕರಿಗೆ ಪತ್ರ: ಆರನೇ ಪ್ರಶ್ನೆಯಲ್ಲಿ ಕಟ್ಟಾದ ಮಾರ್ಕ್ಸ್ ಬಗ್ಗೆ

ಎಂಟನೇ ಕ್ಲಾಸಿನ ಎಲ್ಲ ಪೋಷಕರಿಗೂ ನಮಸ್ಕಾರ,

ಸೋಶಿಯಲ್ ಟೆಸ್ಟಿನ ಆರನೇ ಪ್ರಶ್ನೆ ಬಗ್ಗೆ ಮೂರು ದಿನದಿಂದ ಫೋನ್ ಬರ್ತಾನೇ ಇದೆ, ಒಬ್ಬೊಬ್ಬರಿಗೇ ಹೇಳೋ ಬದ್ಲು ಎಲ್ರಿಗೂ ಒಟ್ಟಿಗೆ ಬರೀತಿದೀನಿ. ರೋಮ್ ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 63ರಲ್ಲಿ ಹುಟ್ಟಿ ಕ್ರಿ.ಶ. 14ರಲ್ಲಿ ತೀರ್ಕೊಂಡ, ಎಷ್ಟು ವರ್ಷ ಬದುಕಿದ್ದ ಅನ್ನೋದು ಪ್ರಶ್ನೆ. ಕೀ ಆನ್ಸರಲ್ಲಿ ಎರಡನ್ನೂ ಕೂಡಿಸಿ 77 ಅಂತಿತ್ತು, 76 ಬರೆದ ಮಕ್ಕಳಿಗೆಲ್ಲ ಮಾರ್ಕ್ಸ್ ಕಟ್. ಆ ಕೀ ಆನ್ಸರ್ ಬರೆದಿದ್ದು ನಾನೇ, ತಪ್ಪು ನಂದೇ, ಸಾರಿ.

ಕ್ರಿ.ಪೂ. 1 ಮುಗಿದ ಮಾರನೇ ದಿನಾನೇ ಕ್ರಿ.ಶ. 1 ಶುರು, ಮಧ್ಯದಲ್ಲಿ ಸೊನ್ನೆ ಅಂತ ವರ್ಷ ಇಲ್ವೇ ಇಲ್ಲ, ಹಾಗಾಗಿ ಕೂಡಿಸಿದ್ಮೇಲೆ ಒಂದು ಕಳೀಬೇಕು. ಅದರಲ್ಲೂ ಅಗಸ್ಟಸ್ ಹುಟ್ಟಿದ್ದು ಸೆಪ್ಟೆಂಬರ್ 23, ಸತ್ತಿದ್ದು ಆಗಸ್ಟ್ 19, ಅಂದ್ರೆ 76 ತುಂಬೋಕೆ ಇನ್ನೂ ಒಂದು ತಿಂಗಳ ಮೇಲೆ ಬಾಕಿ ಇತ್ತು, ಪಕ್ಕಾ ಲೆಕ್ಕದಲ್ಲಿ 75. ಪಾಪ, ಅವನಿಗೆ ತಾನು ಕ್ರಿಸ್ತಪೂರ್ವದಲ್ಲಿ ಹುಟ್ಟಿದೀನಿ ಅಂತ ಗೊತ್ತೇ ಇರ್ಲಿಲ್ಲ ಬಿಡಿ, ಆಗ ರೋಮಲ್ಲಿ ಆ ವರ್ಷದ ಇಬ್ಬರು ಕಾನ್ಸಲ್‌ಗಳ (ಅಂದ್ರೆ ಮುಖ್ಯ ಅಧಿಕಾರಿಗಳ) ಹೆಸರಲ್ಲೇ ವರ್ಷ ಹೇಳ್ತಿದ್ರು.

ಈ ಕ್ರಿ.ಶ. ಎಣಿಕೆ ಶುರು ಮಾಡಿದ್ದು ಡಯೊನಿಸಿಯಸ್ ಎಕ್ಸಿಗುವಸ್ ಅನ್ನೋ ಸನ್ಯಾಸಿ, 525ರಲ್ಲಿ, ಈಸ್ಟರ್ ಹಬ್ಬದ ದಿನಾಂಕಗಳ ಟೇಬಲ್ ಮಾಡೋವಾಗ. ಕ್ರೈಸ್ತರಿಗೆ ಹಿಂಸೆ ಕೊಟ್ಟ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಹೆಸರಲ್ಲಿ ವರ್ಷ ಎಣಿಸೋದು ಬೇಡ ಅನ್ನಿಸ್ತು ಅವನಿಗೆ. ರೋಮನ್ ಅಂಕಿಯಲ್ಲಿ ಸೊನ್ನೆಗೆ ಅಕ್ಷರಾನೇ ಇಲ್ವಲ್ಲ, ಒಂದರಿಂದಾನೇ ಶುರು ಆಯ್ತು. ಕ್ರಿ.ಪೂ. ಅಂತ ಹಿಂದಕ್ಕೆ ಎಣಿಸೋ ಪದ್ಧತಿ ರೂಢಿಗೆ ಬರೋಕೆ ಇನ್ನೂ ಎಷ್ಟೋ ಶತಮಾನ ಹಿಡೀತು.

ನಮ್ಮ ಪಂಚಾಂಗದಲ್ಲಿ ಗತಕಲಿ ಅಂತ ನೋಡಿರ್ತೀರ, ಅದು ಕಲಿಯುಗದಲ್ಲಿ ಕಳೆದುಹೋದ ವರ್ಷಗಳ ಲೆಕ್ಕ, ಮಗು ವಯಸ್ಸು ಹೇಳೋ ಥರ. ಕ್ರಿ.ಶ. ಲೆಕ್ಕ ಹಂಗಲ್ಲ, ಒಂದನೇ ಕ್ಲಾಸು ಎರಡನೇ ಕ್ಲಾಸು ಅಂತೀವಲ್ಲ ಆ ಥರ, ನಡೀತಿರೋ ವರ್ಷ. ಇದಕ್ಕೆ ನಂಗೆ ಇಷ್ಟವಾದ ಉದಾಹರಣೆ ಅಂದ್ರೆ ಐಹೊಳೆ ಮೇಗುತಿ ಬಸದಿಯ ಶಾಸನ. ಇಮ್ಮಡಿ ಪುಲಕೇಶಿ ಕಾಲದ್ದು, ರವಿಕೀರ್ತಿ ಬರೆದಿದ್ದು. ಮಹಾಭಾರತ ಯುದ್ಧ ಆಗಿ 3735 ವರ್ಷ, ಶಕ ವರ್ಷ 556 ಅಂತ ಎರಡೂ ಲೆಕ್ಕ ಕೊಟ್ಟಿದಾನೆ. ಶಕ ಎಣಿಕೆ ಕ್ರಿ.ಶ. 78ರಿಂದ ಶುರು, ಹಾಗಾಗಿ 556ಕ್ಕೆ 78 ಸೇರಿಸಿದ್ರೆ ಕ್ರಿ.ಶ. 634. ಆ ಯುದ್ಧದ ಲೆಕ್ಕ ಕಲಿಯುಗದ ಲೆಕ್ಕಾನೇ, ಕಲಿ ಶುರುವಾಗಿದ್ದು ಕ್ರಿ.ಪೂ. 3102 ಅಂತ ಲೆಕ್ಕ, 3735ರಲ್ಲಿ ಅದನ್ನ ಕಳೆದ್ರೆ 633 ಬರುತ್ತೆ, ಒಂದು ಕಮ್ಮಿ! ಆ ಇಲ್ಲದ ಸೊನ್ನೆ ವರ್ಷಕ್ಕಾಗಿ ಒಂದು ಸೇರಿಸಿದ್ರೆ ಎರಡೂ ಕರೆಕ್ಟಾಗಿ ತಾಳೆ ಆಗುತ್ತೆ. ಇದನ್ನ ಕ್ಲಾಸಲ್ಲಿ ಬೋರ್ಡ್ ಮೇಲೆ ಮಾಡಿಸಿದ್ದೂ ನಾನೇ, ಆಮೇಲೆ ಕೀ ಆನ್ಸರಲ್ಲಿ ಎಡವಿದ್ದೂ ನಾನೇ.

ಪ್ರಶ್ನೆಯಲ್ಲಿ ತಿಂಗಳು ಕೊಟ್ಟಿರ್ಲಿಲ್ಲ, ಹಾಗಾಗಿ 75 ಬರೆದವರಿಗೂ 76 ಬರೆದವರಿಗೂ ಫುಲ್ ಮಾರ್ಕ್ಸ್. 77 ಬರೆದವರದ್ದು ವಾಪಸ್ ತಗೊಳ್ಳಲ್ಲ, ನೋಟ್ಸಲ್ಲಿ ಸರಿ ಮಾಡ್ಕೊಂಡ್ರೆ ಸಾಕು. ಶುಕ್ರವಾರದೊಳಗೆ ಆನ್ಸರ್ ಶೀಟ್ ಕಳಿಸಿಕೊಡಿ.

ಇಂತಿ,
ಮುಖ್ಯೋಪಾಧ್ಯಾಯರು