ಕಪ್ಪಿನ ಮೇಲೆ ‘ಬಹುಮಾನ’ ಎಂದೇ ಬರೆಸಿ

ಮಾನ್ಯರೇ,

ಹಾಸನದಲ್ಲಿ ನನ್ನದೊಂದು ಸಣ್ಣ ಅಂಗಡಿ. ಕಪ್, ಶೀಲ್ಡ್, ನೆನಪಿನ ಕಾಣಿಕೆಗಳ ಮೇಲೆ ಹೆಸರು ಕೆತ್ತಿ ಕೊಡುತ್ತೇನೆ. ಶಾಲಾ ವಾರ್ಷಿಕೋತ್ಸವಗಳು ಶುರುವಾದರೆ ಊಟಕ್ಕೂ ಪುರುಸೊತ್ತಿಲ್ಲ.

ಈ ಜನವರಿಯಲ್ಲಿ ಒಂದು ಶಾಲೆಯವರು 24 ಕಪ್‌ಗೆ ಆರ್ಡರ್ ಕೊಟ್ಟರು. ಚೀಟಿಯಲ್ಲಿ ‘ಫಸ್ಟ್ ಪ್ರೈಜ್’, ‘ಸೆಕೆಂಡ್ ಪ್ರೈಜ್’ ಎಂದು ಇಂಗ್ಲಿಷ್‌ನಲ್ಲಿತ್ತು. ಆದರೆ ‘ಜಡ್’ ಇರಬೇಕಾದ ಕಡೆ ‘ಸಿ’ ಬರೆದಿದ್ದರು. ನಾನೂ ಗಮನಿಸದೆ ಹಾಗೇ ಕೆತ್ತಿಬಿಟ್ಟೆ. ಕಪ್ ಒಯ್ಯಲು ಬಂದ ಮೇಷ್ಟ್ರ ಜೊತೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಓದಿ ನೋಡಿ, ‘ಅಂಕಲ್, ಸಿ ಹಾಕಿದ್ರೆ ರೇಟು ಅಂತ ಆಗುತ್ತೆ ಅಲ್ವಾ?’ ಎಂದಳು. ರಾತ್ರಿಯೆಲ್ಲ ಕೂತು 24 ಪ್ಲೇಟನ್ನೂ ಬದಲಾಯಿಸಿದೆ.

ಆಮೇಲೆ ಡಿಕ್ಷನರಿ ತೆಗೆದು ನೋಡಿದೆ. ಹಿಂದೆ ಇಂಗ್ಲಿಷ್‌ನಲ್ಲೂ ಬೆಲೆ, ಬಹುಮಾನ ಎರಡಕ್ಕೂ ಒಂದೇ ಪದವಿತ್ತಂತೆ. ಹಳೆಯ ಫ್ರೆಂಚಿನಿಂದ ಬಂದದ್ದು. ಹೊಗಳಿಕೆ ಎಂಬರ್ಥದ ‘ಪ್ರೇಸ್’ ಕೂಡ ಅದೇ ಮನೆಯದು. ಮಕ್ಕಳು, ಮೇಷ್ಟ್ರು ತಡವರಿಸಿದರೆ ಅವರ ತಪ್ಪೇನು?

ನಮಗೆ ಆ ಗೋಜಲಿಲ್ಲ. ಬಹುಮಾನ ಎಂದರೆ ಹೆಚ್ಚಿನ ಮರ್ಯಾದೆ. ಸ್ವಲ್ಪದರಲ್ಲಿ ಸೋತ ಮಗುವಿಗೂ ‘ಸಮಾಧಾನಕರ ಬಹುಮಾನ’ ಎನ್ನುತ್ತೇವೆ, ಎಷ್ಟು ಒಳ್ಳೆಯ ಮಾತು! ಪ್ರಶಸ್ತಿಯ ತೂಕ ಬೇರೆ. ಐಹೊಳೆಯ ಮೇಗುತಿ ಗುಡಿಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ 634ನೇ ಇಸವಿಯ ಶಾಸನವೂ ಪ್ರಶಸ್ತಿಯೇ. ಕೆತ್ತುವ ಕೆಲಸದವನಾದ ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೇನೆ. ಕರ್ನಾಟಕ ಸಾಹಿತ್ಯ ಅಕಾಡೆಮಿ ಈ ವ್ಯತ್ಯಾಸ ಉಳಿಸಿಕೊಂಡಿದೆ: ಒಂದು ಪುಸ್ತಕಕ್ಕೆ ‘ಪುಸ್ತಕ ಬಹುಮಾನ’, ಸಾಹಿತಿಯ ಒಟ್ಟು ದುಡಿಮೆಗೆ ‘ಗೌರವ ಪ್ರಶಸ್ತಿ’. 2025ರಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಬಂದ ಅಂತರರಾಷ್ಟ್ರೀಯ ಬೂಕರ್ ಕೂಡ ಒಂದು ಪುಸ್ತಕಕ್ಕೆ ಸಂದದ್ದು. 50,000 ಪೌಂಡ್ ಹಣದಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಅದನ್ನು ಬಹುಮಾನ ಎಂದರೆ ಅದರ ಘನತೆ ಕಡಿಮೆಯಾಗುವುದಿಲ್ಲ.

ದಯವಿಟ್ಟು ನಿಮ್ಮ ಜಿಲ್ಲಾ ಪುಟದಲ್ಲಿ ‘ಪ್ರೈಸ್ ವಿತರಣೆ’ ಎಂದು ಬರೆಯಬೇಡಿ. ಓಟ, ರಂಗೋಲಿ ಸ್ಪರ್ಧೆಗೆಲ್ಲ ಪ್ರಶಸ್ತಿ ಎನ್ನುವುದೂ ಜಾಸ್ತಿಯಾಯಿತು.

ಅಂಗಡಿಗೆ ಬಂದವರನ್ನು ಈಗ ಮೊದಲೇ ಕೇಳುತ್ತೇನೆ, ‘ಕನ್ನಡದಲ್ಲೇ ಹಾಕಲಾ?’ ಎಂದು. ಮೊನ್ನೆ ಕಬಡ್ಡಿ ಹುಡುಗರು ‘ಪ್ರಥಮ ಬಹುಮಾನ’ ಎಂದೇ ಕೆತ್ತಿಸಿಕೊಂಡು ಹೋದರು.

– ಕಪ್, ಶೀಲ್ಡ್ ಅಂಗಡಿಯವ, ಹಾಸನ