ಅದು ಮಿಂಚುಳ್ಳಿ ಅಲ್ಲ

ಪುಟ್ಟೀ,

ನೀನು ಹಕ್ಕಿ ಎಣಿಸಲು ಕಾಡಿಗೆ ಹೊರಟಾಗ ಹೋಗಬೇಡ ಅಂತ ನಾನು ಆಡಿದ ಮಾತಿನ ಬಗ್ಗೆ ಬರೆಯೋಣ ಅಂತಿದ್ದೆ. ಅಷ್ಟರಲ್ಲಿ ಇವತ್ತು ಬೆಳಿಗ್ಗೆ ಕಿಟಕಿ ಗಾಜಿಗೆ ಏನೋ ಢಬ್ ಅಂತ ಬಡಿಯಿತು. ಹೋಗಿ ನೋಡಿದರೆ ನವರಂಗ ಹಕ್ಕಿ.

ರಟ್ಟಿನ ಡಬ್ಬಿಗೆ ತೂತು ಮಾಡಿ, ಬಟ್ಟೆ ಹಾಸಿ, ಒಳಗಿಟ್ಟು ಮುಚ್ಚಿದೆ. ಬಾಯಿಗೆ ನೀರು ಬಿಡಲಿಲ್ಲ. ಬಿಡಬಾರದು ಅಂತ ಹೇಳಿಕೊಟ್ಟವಳು ನೀನೇ ಅಲ್ವಾ. ಕೈಯಲ್ಲಿದ್ದಾಗ ಚೆನ್ನಾಗಿ ನೋಡಿದೆ. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟೆ, ಬಿಳಿ ಕತ್ತು, ಹಸಿರು ಬೆನ್ನು, ರೆಕ್ಕೆ ಮೇಲೆ ನೀಲಿ.

ಹಿಂದೆ ನೀನು ಈ ಹಕ್ಕಿ ನೋಡಿದಾಗ ನಿನಗೆ ಒಂಬತ್ತು ವರ್ಷ. ಓಡಿ ಬಂದು ಮೂರು ಮಾತು ಹೇಳಿದ್ದೆ: ನೆಲದ ಮೇಲೆ ಕುಪ್ಪಳಿಸ್ತಾ ತರಗೆಲೆ ಕೆದಕ್ತಿತ್ತು, ಬಾಲ ಮೋಟು, ಬಾಲದಡಿ ಕೆಂಪು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. "ನೀಲಿ ಇತ್ತಾ? ಹಾಗಾದ್ರೆ ಮಿಂಚುಳ್ಳಿ" ಅಂದುಬಿಟ್ಟೆ. ಮಿಂಚುಳ್ಳಿ ಎಲ್ಲಾದರೂ ತರಗೆಲೆ ಕೆದಕುತ್ತದೆಯೇ? ನೀನು ಹೇಳಿದ ಮೂರೂ ಸರಿ. ನನಗೆ ನೀಲಿ ಒಂದೇ ಕೇಳಿಸಿತ್ತು. ಆಮೇಲೆ ನೆಂಟರ ಮುಂದೆ ಇದನ್ನೇ ಹೇಳಿ ನಕ್ಕಿದ್ದೂ ಉಂಟು. ನಿನ್ನ ಹಳೇ ನೋಟ್‌ಬುಕ್ ಇವತ್ತು ತೆಗೆದೆ. 'ನವರಂಗ' ಅಂತ ಬರೆದದ್ದನ್ನು ಎಷ್ಟು ಜೋರಾಗಿ ಗೀಚಿದ್ದೀಯ ಅಂದರೆ, ಹಾಳೆಯ ಹಿಂದೆಯೂ ಗೆರೆ ಬೆರಳಿಗೆ ಸಿಗುತ್ತದೆ.

ಈ ಹಕ್ಕಿಗಳು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇತ್ತ ಬರುತ್ತವಂತೆ. ಕೆಲವು ಶ್ರೀಲಂಕಾವರೆಗೂ ಹೋಗುತ್ತವೆ. 19 ಸೆಂ.ಮೀ. ಉದ್ದದ ಜೀವ, ಪಯಣವೆಲ್ಲ ರಾತ್ರಿ. ಇಷ್ಟು ಬರೆದರೆ ನಿನ್ನನ್ನು ತಡೆದದ್ದು ತಪ್ಪು ಅಂತ ಒಪ್ಪಿಕೊಂಡ ಹಾಗಾಯಿತು. ಆದರೆ ಗಾಜಿಗೆ ಬಡಿದುಕೊಂಡದ್ದೂ ಇದೇ ಹಕ್ಕಿ ಅಲ್ವಾ. ನನ್ನ ತಲೆಯಲ್ಲಿ ಓಡುತ್ತಿರೋದು ಅದು.

ಒಂಟಿಯಾಗಿ ದೂರ ಹೋಗಬೇಡ. ಬೆಳಿಗ್ಗೆ, ಸಂಜೆ ಆರರ ಹೊತ್ತಿಗೆ ನವರಂಗದ ಎರಡು ಸ್ವರದ ಸಿಳ್ಳೆ ಕೇಳಿದರೆ ಅತ್ತ ನುಗ್ಗಬೇಡ, ಕೂತುಕೋ. ತಮಿಳಿನಲ್ಲಿ ಇದಕ್ಕೆ ಆರು ಮಣಿ ಕುರುವಿ, ಅಂದರೆ ಆರು ಗಂಟೆ ಹಕ್ಕಿ, ಅಂತಲೇ ಹೆಸರು. ಫೋನಿನಲ್ಲಿ ಅದರ ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯಲೂ ಬೇಡ, ಹಕ್ಕಿಗೆ ಸುಮ್ನೆ ಗಾಬರಿಯಾಗುತ್ತದೆ. ನೋಡು, ಯಾರಿಗೆ ಪಾಠ ಹೇಳುತ್ತಿದ್ದೇನೆ!

ಸಂಜೆ ಡಬ್ಬಿ ತೆರೆದೆ. ಸ್ವಲ್ಪ ಹೊತ್ತು ಅಲ್ಲೇ ಕೂತಿತ್ತು. ಆಮೇಲೆ ರೆಕ್ಕೆಯ ಬಿಳಿ ಮಚ್ಚೆ ಹೊಳೆಯಿಸಿ ಬೇಲಿಯೊಳಗೆ ನುಗ್ಗಿತು.

ನೋಟ್‌ಬುಕ್ಕಿನಲ್ಲಿ ಗೀಚಿದ್ದರ ಪಕ್ಕ ಮತ್ತೆ 'ನವರಂಗ' ಅಂತ ಬರೆದಿದ್ದೇನೆ. ನನ್ನ ಅಕ್ಷರ ಕೆಟ್ಟದಾಗಿದೆ, ಬೈಯಬೇಡ. ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡೆಯಾ?

ಅಪ್ಪ