ಟೀ-ಬಿಸ್ಕತ್ತು ಆಮಿಷವೇ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಸಭಾಂಗಣದಲ್ಲಿ ಭಾನುವಾರ ಸಂಜೆ ನಡೆಯುತ್ತಿದ್ದ ಕ್ರೈಸ್ತರ ಹಿಂದಿ ಪ್ರಾರ್ಥನಾ ಸಭೆಯನ್ನು ಮತಾಂತರದ ಶಂಕೆಯಿಂದ ಪೊಲೀಸರು ನಿಲ್ಲಿಸಿದ ಸುದ್ದಿಯನ್ನು ನಿಮ್ಮ ಪತ್ರಿಕೆ ನಾಲ್ಕು ಸಾಲಿನಲ್ಲಿ ಮುಗಿಸಿದೆ. 'ವಿಚಾರಣೆಯ ಬಳಿಕ ಬಿಟ್ಟು ಕಳುಹಿಸಲಾಯಿತು' ಎಂದು ನೀವು ಬರೆದಿರುವ ಆ ವಿಚಾರಣೆಗಾಗಿ, ಅರವತ್ತೆಂಟು ವರ್ಷದ ಸಕ್ಕರೆ ಕಾಯಿಲೆಯವನಾದ ನಾನು ಆರೂವರೆಯಿಂದ ಹತ್ತು ಗಂಟೆಯವರೆಗೆ ಊಟ, ಮಾತ್ರೆ ಎರಡೂ ಇಲ್ಲದೆ ಠಾಣೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದೆ. ಕುರ್ಚಿಗಳನ್ನು ಹಿಂತಿರುಗಿಸಲು ತಡವಾಯಿತೆಂದು ಶಾಮಿಯಾನದವರು ಎರಡು ದಿನದ ಬಾಡಿಗೆ ವಸೂಲು ಮಾಡಿದರು.

ಸಭೆಗೆ ಬಂದಿದ್ದವರು ಜಾರ್ಖಂಡ್, ಒಡಿಶಾ ಕಡೆಯ ಕಟ್ಟಡ ಕಾರ್ಮಿಕರು. ಅವರಲ್ಲಿ ಹಲವರು ತಮ್ಮ ಊರಿನಲ್ಲೇ ಕ್ರೈಸ್ತರಾಗಿದ್ದವರು, ಉಳಿದವರು ಜೊತೆಗಾರರು ಕರೆದರೆಂದು ಬಂದವರು. ಮೇಜಿನ ಮೇಲಿದ್ದ ಟೀ, ಬಿಸ್ಕತ್ತುಗಳನ್ನು ಕಂಡ ಅಧಿಕಾರಿಗಳು 'ಇದೇ ಆಮಿಷ' ಎಂದು ತೀರ್ಪಿತ್ತರು. ಪ್ರತಿವರ್ಷ ರಾಮನವಮಿಯ ಪಾನಕ, ಕೋಸಂಬರಿಯನ್ನು ಸಂತೋಷದಿಂದ ಸೇವಿಸುವ ನನ್ನನ್ನು ಆಮಿಷಕ್ಕೊಳಗಾದವನೆಂದು ಯಾರೂ ಇದುವರೆಗೆ ವಿಚಾರಿಸಿಲ್ಲ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯು ನಿಷೇಧಿಸಿರುವುದು ಬಲವಂತ, ವಂಚನೆ, ಆಮಿಷಗಳಿಂದ ನಡೆಯುವ ಮತಾಂತರವನ್ನೇ ಹೊರತು ಪ್ರಾರ್ಥನೆಯನ್ನಲ್ಲ. ಮತಾಂತರಿಸುವುದು ಹಕ್ಕಲ್ಲವೆಂದು 1977ರಲ್ಲಿ ಹೇಳಿದ ಸುಪ್ರೀಂ ಕೋರ್ಟ್ ಕೂಡ, ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವ ಹಕ್ಕನ್ನು ಎತ್ತಿಹಿಡಿದಿದೆ.

'ಕನ್ನಡ ನಾಡಿನಲ್ಲಿ ಹಿಂದಿ ಪ್ರಾರ್ಥನೆ ಏಕೆ?' ಎಂಬುದು ಅಧಿಕಾರಿಗಳ ಮುಂದಿನ ಪ್ರಶ್ನೆ. ಕೇಳುವವರ ನುಡಿಯಲ್ಲೇ ಹೇಳಬೇಕೆಂದು ಕನ್ನಡ ಕಲಿತ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದರು, ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂದಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲ್ ಸಾಹೇಬರು ಈ ಅಧಿಕಾರಿಗಳ ಕೈಗೆ ಸಿಕ್ಕಿದ್ದರೆ ಅವರ ನಿಘಂಟು 'ಅ'ಕಾರದಲ್ಲೇ ನಿಲ್ಲುತ್ತಿತ್ತು. (ನಮ್ಮವರೇ ಈಚೆಗೆ ಹಂಚುತ್ತಿರುವ ಕರಪತ್ರಗಳ ಕನ್ನಡವನ್ನು ಕಂಡರೆ ಅವರು ತಲೆ ಚಚ್ಚಿಕೊಳ್ಳುತ್ತಿದ್ದರೆಂಬುದು ಬೇರೆ ಮಾತು.)

ಮೂರು ವರ್ಷದ ಹಿಂದೆ ನಮ್ಮ ಚರ್ಚಿನ ಆಂಪ್ಲಿಫೈಯರ್ ಕಳುವಾದಾಗ ದೂರು ಬರೆದುಕೊಳ್ಳಲು ಇದೇ ಠಾಣೆಯಲ್ಲಿ ಸಿಬ್ಬಂದಿ ಇರಲಿಲ್ಲ. ಕಳೆದ ಕ್ರಿಸ್ಮಸ್‌ನಲ್ಲಿ ಕ್ಯಾರಲ್ ಹಾಡಲು ಅನುಮತಿ ಕೇಳಿದರೆ ಮೂರು ಕಚೇರಿ ಸುತ್ತಿಸಿದರು. ಮೂವತ್ತು ಮಂದಿ ಹಾಡುತ್ತಿದ್ದರೆ ಮಾತ್ರ ಜೀಪು ತುಂಬ ಸಿಬ್ಬಂದಿ ದೊರೆಯುತ್ತಾರೆ. ಪ್ರಾರ್ಥನೆ ಅಪರಾಧವಲ್ಲವೆಂದು ಮೇಲಧಿಕಾರಿಗಳು ಒಂದು ಸುತ್ತೋಲೆಯನ್ನಾದರೂ ಹೊರಡಿಸಲಿ, ಇಲ್ಲವೇ ಅಂದು ಬಂದಿದ್ದ ಅಧಿಕಾರಿಗಳು ಆ ಕಾರ್ಮಿಕರ ಕ್ಷಮೆ ಕೇಳಲಿ. ಎರಡೂ ಆಗದಿದ್ದರೆ ಅಂದು ಹೊತ್ತೊಯ್ದ ಢೋಲಕ್ಕನ್ನಾದರೂ ಹಿಂತಿರುಗಿಸಲಿ.

ಇಂತಿ,
ನೊಂದ ಓದುಗ, ಬೆಂಗಳೂರು